ಸ್ಕೈರಿಮ್ ಆಟದ ಮಾಡಿಂಗ್

ಪ್ರಕಟವಾದ ವಿಡಿಯೊ ಗೇಮ್‌ನ ನೋಟ, ನಿಯಮ, ಕಥೆಗಳನ್ನು ಆಟಗಾರರೇ ತಿದ್ದಿ ಬೆಳೆಸುವ ಕೆಲಸಕ್ಕೆ ಮಾಡಿಂಗ್ ಎಂದು ಹೆಸರು. ಹಾಗೆ ತಯಾರಾದ ತಿದ್ದುಪಡಿ, ಸೇರ್ಪಡೆಗಳಲ್ಲಿ ಒಂದೊಂದೂ ಒಂದು ಮಾಡ್. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡ ಗೇಮ್ ಸ್ಟುಡಿಯೋಸ್ 2011ರ ನವೆಂಬರ್ 11ರಂದು ಹೊರತಂದ 'ದಿ ಎಲ್ಡರ್ ಸ್ಕ್ರೋಲ್ಸ್ 5: ಸ್ಕೈರಿಮ್' ಈ ಕೆಲಸ ಅತಿ ಹೆಚ್ಚು ವಿಸ್ತಾರವಾಗಿ ನಡೆದಿರುವ ಆಟಗಳಲ್ಲಿ ಒಂದು. ಅದಕ್ಕಾಗಿ ತಯಾರಾದ ಮಾಡ್‌ಗಳು ಹತ್ತಾರು ಸಾವಿರ. ಕತ್ತಿಯ ಹಿಡಿಯ ಬಣ್ಣ ಬದಲಿಸುವಂಥ ಅಲ್ಪ ತಿದ್ದುಪಡಿಯಿಂದ ಹಿಡಿದು ಹೊಸ ಭೂಪಟ, ಹೊಸ ಇತಿಹಾಸ, ಹೊಸ ಧ್ವನಿಗಳುಳ್ಳ ಬೇರೆಯದೇ ಆಟದವರೆಗೆ ಅವುಗಳ ಹರವಿದೆ. ಒಂದೇ ಪಾತ್ರವನ್ನು ನೂರಾರು ಗಂಟೆ ಆಡುವ ರೂಢಿ ಈ ಆಟದಲ್ಲಿ ಬೆಳೆದಿರುವುದಕ್ಕೂ ಅದರ ಮಾಡಿಂಗ್ ಬೆಳೆದಿರುವುದಕ್ಕೂ ನೇರ ಸಂಬಂಧವಿದೆ. ದೀರ್ಘ ಆಟದಲ್ಲಿ ಕಾಣುವ ಕೊರತೆಗಳೇ ಮಾಡ್‌ಗಳಿಗೆ ಹುಟ್ಟು ಕೊಟ್ಟವು. ಮಾಡ್‌ಗಳು ದೀರ್ಘ ಆಟಕ್ಕೆ ತಮ್ಮದೇ ಶಿಸ್ತನ್ನು ತಂದವು.

ಹಿನ್ನೆಲೆ

ಆಟದ ಕಥೆ ನಡೆಯುವುದು ಟಾಮ್ರಿಯೆಲ್ ಎಂಬ ಕಲ್ಪಿತ ಖಂಡದ ಉತ್ತರದ ಹಿಮನಾಡಾದ ಸ್ಕೈರಿಮ್‌ನಲ್ಲಿ. ನಾಡಿನೊಳಗೆ ಅಂತರ್ಯುದ್ಧ ನಡೆದಿರುವಾಗಲೇ ಅಳಿದುಹೋಗಿವೆ ಎಂದು ನಂಬಲಾಗಿದ್ದ ಡ್ರ್ಯಾಗನ್‌ಗಳು ಆಲ್ಡುಯಿನ್ ಎಂಬ ಮಹಾಡ್ರ್ಯಾಗನ್‌ನ ಹಿಂದೆ ಮರಳಿ ಬರುತ್ತವೆ. ಅವುಗಳ ಆತ್ಮವನ್ನೇ ಹೀರಿಕೊಳ್ಳಬಲ್ಲ ಡ್ರ್ಯಾಗನ್‌ಬಾರ್ನ್ ಆಟಗಾರನ ಪಾತ್ರ. ಮುಖ್ಯ ಕಥೆಯನ್ನೇ ಹಿಡಿದು ಹೊರಟರೆ ಅದು ಬೇಗ ಮುಗಿಯುತ್ತದೆ. ಆದರೆ ಆಟದ ನಿಜವಾದ ಆಕರ್ಷಣೆ ಕಥೆಯಲ್ಲಿಲ್ಲ. ಎಲ್ಲಿಗೆ ಬೇಕಾದರೂ ನಡೆದುಹೋಗಬಹುದು, ಕಮ್ಮಾರಿಕೆಯನ್ನೋ ರಸವಿದ್ಯೆಯನ್ನೋ ಕಲಿಯಬಹುದು, ಮನೆ ಕೊಳ್ಳಬಹುದು, ಮದುವೆಯಾಗಬಹುದು, ಸುಮ್ಮನೆ ಬೆಟ್ಟ ಹತ್ತಬಹುದು. ಚಿಕ್ಕ ಪುಟ್ಟ ಕೆಲಸಗಳನ್ನು ಆಟವೇ ಹೊಸದಾಗಿ ಹೊಂದಿಸಿ ಕೊಡುತ್ತಿರುವುದರಿಂದ 'ಮುಗಿಯಿತು' ಎನ್ನುವ ಗಳಿಗೆ ಬರುವುದೇ ಇಲ್ಲ. ಆಟದ 6 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂದು ಅದರ ನಿರ್ದೇಶಕ ಟಾಡ್ ಹೊವರ್ಡ್ 2023ರಲ್ಲಿ ತಿಳಿಸಿದರು.

ಆಟಗಾರರಿಗೆ ಆಟವನ್ನು ಬಿಚ್ಚಿ ಕೊಡುವ ಪದ್ಧತಿ ಬೆಥೆಸ್ಡದಿಂದಲೇ ಶುರುವಾದದ್ದಲ್ಲ. 1993ರಲ್ಲಿ ಬಂದ 'ಡೂಮ್' ಆಟದಲ್ಲಿ ಭೂಪಟ, ಚಿತ್ರ, ಸದ್ದುಗಳನ್ನು ಮುಖ್ಯ ಪ್ರೋಗ್ರಾಮಿನಿಂದ ಬೇರೆಯಾದ ಫೈಲುಗಳಲ್ಲಿ ಇಟ್ಟಿದ್ದರು. ಹೊಸ ಭೂಪಟ ರಚಿಸುವವರ ದೊಡ್ಡ ಸಮುದಾಯ ಅಲ್ಲಿಂದ ಬೆಳೆಯಿತು. ಕಲ್ಪನಾಲೋಕದ ಆಟಗಳಲ್ಲಿ 2002 ಮಹತ್ವದ ವರ್ಷ. ಆ ವರ್ಷ ಬಂದ 'ನೆವರ್‌ವಿಂಟರ್ ನೈಟ್ಸ್' ತನ್ನ ಜೊತೆಗೇ ಕಥೆ ಕಟ್ಟುವ ಸಲಕರಣೆಯನ್ನು ತಂದಿತು. ಅದೇ ವರ್ಷ ಎಲ್ಡರ್ ಸ್ಕ್ರೋಲ್ಸ್ ಸರಣಿಯ ಮೂರನೆಯ ಆಟ 'ಮಾರೋವಿಂಡ್' ಹೊರಬಂದಾಗ ಬೆಥೆಸ್ಡ ಕಂಪ್ಯೂಟರ್ ಆವೃತ್ತಿಯ ಡಿಸ್ಕಿನಲ್ಲಿಯೇ ಕನ್‌ಸ್ಟ್ರಕ್ಷನ್ ಸೆಟ್ ಎಂಬ ಸಂಪಾದಕ ತಂತ್ರಾಂಶವನ್ನು ಕೊಟ್ಟಿತು. ಊರುಗಳನ್ನು ಕಟ್ಟಲು, ಸಂಭಾಷಣೆ ಬರೆಯಲು ತನ್ನ ಆಟಕ್ಕೆ ಬಳಸಿದಂಥ ಸಲಕರಣೆಯನ್ನೇ ಸಂಸ್ಥೆ ಹೀಗೆ ಸಾರ್ವಜನಿಕರ ಕೈಗೆ ಒಪ್ಪಿಸಿತು. 2006ರ 'ಆಬ್ಲಿವಿಯನ್' ಅದೇ ದಾರಿ ಹಿಡಿಯಿತು. ಸ್ಕೈರಿಮ್‌ನ ಸಂಪಾದಕವಾದ ಕ್ರಿಯೇಷನ್ ಕಿಟ್ ಉಚಿತವಾಗಿ ಬಿಡುಗಡೆಯಾದದ್ದು 2012ರ ಫೆಬ್ರವರಿ 7ರಂದು. ಮಾಡ್‌ಗಳನ್ನು ಹಂಚಲು ವಾಲ್ವ್ ಸಂಸ್ಥೆಯ ಗೇಮ್ ಮಳಿಗೆಯಾದ ಸ್ಟೀಮ್‌ನ ವರ್ಕ್‌ಶಾಪ್ ಕೂಡ ಸ್ಕೈರಿಮ್‌ಗೆ ಅಂದೇ ತೆರೆಯಿತು. ಅಷ್ಟು ಹೊತ್ತಿಗೆ ಹಿಂದಿನ ಎರಡು ಆಟಗಳಲ್ಲಿ ಹತ್ತು ವರ್ಷ ಪಳಗಿದ್ದ ಜನ ಕಾದು ಕುಳಿತಿದ್ದರು. 2001ರಲ್ಲಿ ಇಂಗ್ಲೆಂಡಿನ ರಾಬಿನ್ ಸ್ಕಾಟ್ ಮಾರೋವಿಂಡ್ ಅಭಿಮಾನಿಗಳಿಗಾಗಿ ಆರಂಭಿಸಿದ ತಾಣ ಬೆಳೆದು ನೆಕ್ಸಸ್ ಮಾಡ್ಸ್ ಎಂಬ ಭಂಡಾರವಾಗಿತ್ತು. ಸ್ಕೈರಿಮ್ ಮಾಡ್‌ಗಳ ಬಹುಪಾಲು ಸಂಗ್ರಹವಾದದ್ದು ಅಲ್ಲಿಯೇ.

ಮೂಲವನ್ನು ಮುಟ್ಟದೆ ತಿದ್ದುವುದು

ಸ್ಕೈರಿಮ್ ಇಷ್ಟು ಸುಲಭವಾಗಿ ಬದಲಾಗುವುದಕ್ಕೆ ಕಾರಣ ಅದರ ಒಳರಚನೆ. ಆಟವನ್ನು ನಡೆಸುವ ಎಂಜಿನ್ ಒಂದು ಕಡೆ, ಆಟದ ಲೋಕವನ್ನು ವಿವರಿಸುವ ದತ್ತಾಂಶ ಇನ್ನೊಂದು ಕಡೆ. ಮರ, ಮನೆ, ಮನುಷ್ಯ, ಮಂತ್ರ, ಮಾತಿನ ಸಾಲು, ಮಳೆಯ ಬಗೆ, ಹೀಗೆ ಲೋಕದಲ್ಲಿರುವುದೆಲ್ಲ ಒಂದೊಂದು ದಾಖಲೆ. ಪ್ರತಿ ದಾಖಲೆಗೂ ಹದಿನಾರರ ಎಣಿಕೆಯಲ್ಲಿ ಬರೆದ ಎಂಟು ಅಂಕಿಗಳ ಗುರುತುಸಂಖ್ಯೆಯಿದೆ. ಮೂಲ ದಾಖಲೆಗಳೆಲ್ಲ ಸ್ಕೈರಿಮ್ ಮಾಸ್ಟರ್ ಫೈಲಿನಲ್ಲಿವೆ. ಮಾಡ್ ಆ ಫೈಲನ್ನು ತೆರೆದು ತಿದ್ದುವುದಿಲ್ಲ. ತನ್ನದೇ ಪ್ಲಗಿನ್ ಫೈಲಿನಲ್ಲಿ ಹೊಸ ದಾಖಲೆ ಬರೆಯುತ್ತದೆ, ಇಲ್ಲವೇ ಹಳೆಯ ಗುರುತುಸಂಖ್ಯೆಯನ್ನೇ ಬಳಸಿ ಅದೇ ದಾಖಲೆಯ ಬದಲಿ ಪ್ರತಿಯನ್ನು ಇಡುತ್ತದೆ. ಆಟ ತೆರೆಯುವಾಗ ಎಂಜಿನ್ ಮಾಸ್ಟರ್ ಫೈಲುಗಳನ್ನೂ ಪ್ಲಗಿನ್‌ಗಳನ್ನೂ ಒಂದಾದ ಮೇಲೊಂದು ಓದಿಕೊಳ್ಳುತ್ತದೆ. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಮೇಲಿನಿಂದ ನೋಡಿದರೆ ಹೇಗೋ ಹಾಗೆ, ಆಟಗಾರನ ಕಣ್ಣಿಗೆ ಬೀಳುವುದು ಕೊನೆಯಲ್ಲಿ ಇಟ್ಟದ್ದು. ಪ್ಲಗಿನ್ ತೆಗೆದರೆ ಮೂಲ ಆಟ ಕೆಳಗೆ ಹಾಗೆಯೇ ಉಳಿದಿರುತ್ತದೆ. ಕೆಡಿಸುವ ಭಯವಿಲ್ಲದೆ ಯಾರು ಬೇಕಾದರೂ ಪ್ರಯೋಗಕ್ಕೆ ಇಳಿಯುವಂತೆ ಮಾಡಿದ್ದು ಈ ಏರ್ಪಾಡು. ಬೆಥೆಸ್ಡದ ಆಟಗಳಲ್ಲಿ ದೋಷಗಳು ಹೇರಳವಾಗಿರಬಹುದು. ಈ ಒಂದು ರಚನಾ ನಿರ್ಧಾರ ಮಾತ್ರ ವಿಡಿಯೊ ಗೇಮ್ ಇತಿಹಾಸದ ಉದಾರ ನಿರ್ಧಾರಗಳ ಸಾಲಿಗೆ ಸೇರುತ್ತದೆ.

ಗುರುತುಸಂಖ್ಯೆಯ ಮೊದಲ ಎರಡು ಅಂಕಿಗಳು ಆ ದಾಖಲೆ ಯಾವ ಪ್ಲಗಿನ್‌ಗೆ ಸೇರಿದ್ದೆಂದು ಹೇಳುತ್ತವೆ, ಉಳಿದ ಆರು ಅಂಕಿಗಳು ಅದರೊಳಗಿನ ಕ್ರಮವನ್ನು. ಎರಡು ಅಂಕಿಗಳಲ್ಲಿ 256 ಸ್ಥಾನಗಳಷ್ಟೇ ಹಿಡಿಯುತ್ತವೆ. ಕೊನೆಯ ಸ್ಥಾನವನ್ನು ಆಟ ನಡೆಯುವಾಗ ಹುಟ್ಟುವ ವಸ್ತುಗಳಿಗೆ ಮೀಸಲಿಟ್ಟಿರುವುದರಿಂದ, ಮೂಲ ಆಟವೂ ಸೇರಿ 255 ಪ್ಲಗಿನ್‌ಗಳೇ ಮಿತಿ. ನೂರಾರು ಮಾಡ್‌ಗಳನ್ನು ಸೇರಿಸುವವರಿಗೆ ಈ ಮಿತಿ ಬಹುಕಾಲ ತಲೆನೋವಾಗಿತ್ತು. ಹಲವು ಚಿಕ್ಕ ಪ್ಲಗಿನ್‌ಗಳನ್ನು ಬೆಸೆದು ಒಂದಾಗಿಸುವ ಸಲಕರಣೆಗಳು ಅದಕ್ಕಾಗಿಯೇ ಹುಟ್ಟಿದವು. 2017ರಲ್ಲಿ ಲೈಟ್ ಪ್ಲಗಿನ್ ಎಂಬ ಹೊಸ ಬಗೆ ಬಂತು. ಒಂದೇ ಸ್ಥಾನವನ್ನು ಹಂಚಿಕೊಂಡು ಇಂಥ 4,096 ಪ್ಲಗಿನ್‌ಗಳು ಇರಬಹುದು, ಆದರೆ ಒಂದೊಂದರೊಳಗಿನ ಹೊಸ ದಾಖಲೆಗಳ ಸಂಖ್ಯೆಗೆ ಮಿತಿಯಿದೆ. ಅಂದಿನಿಂದ ಮಾಡ್‌ಗಳ ಪಟ್ಟಿ ಸಾವಿರ ದಾಟುವುದು ಅಪರೂಪವಲ್ಲ.

ಪ್ಲಗಿನ್ ಬರೀ ವಿವರಣೆ. ವಸ್ತುವಿನ ಮೂರು ಆಯಾಮದ ಆಕಾರ ಮೆಶ್ ಫೈಲಿನಲ್ಲಿ, ಅದರ ಮೈಬಣ್ಣ ಟೆಕ್ಸ್ಚರ್ ಫೈಲಿನಲ್ಲಿ, ಸದ್ದು ಸದ್ದಿನ ಫೈಲಿನಲ್ಲಿ ಇರುತ್ತವೆ. ಇವೆಲ್ಲ ದೊಡ್ಡ ಕಟ್ಟುಗಳಲ್ಲಿ ಅಡಕವಾಗಿದ್ದರೂ ಆಟದ ಡೇಟಾ ಫೋಲ್ಡರಿನಲ್ಲಿ ಅದೇ ಹೆಸರಿನ ಬಿಡಿ ಫೈಲು ಕಂಡರೆ ಎಂಜಿನ್ ಬಿಡಿ ಫೈಲನ್ನೇ ಆರಿಸಿಕೊಳ್ಳುತ್ತದೆ. ಕಲ್ಲಿನ ಗೋಡೆ ಚೆನ್ನಾಗಿ ಕಾಣಬೇಕೆಂದರೆ ಹೊಸ ಗೋಡೆಯ ಚಿತ್ರವನ್ನು ಹಳೆಯ ಹೆಸರಿನಲ್ಲಿ ಇಟ್ಟರೆ ಸಾಕು. ಕಲಿಯಲು ಹೊರಟವರು ಮೊದಲು ಮಾಡುವ ಕೆಲಸ ಸಾಮಾನ್ಯವಾಗಿ ಇದೇ.

ವಸ್ತು, ಜಾಗಗಳಾಚೆಗೆ ನಡವಳಿಕೆಯನ್ನೂ ಬದಲಿಸಲು ಪಪೈರಸ್ ಎಂಬ ಸ್ಕ್ರಿಪ್ಟ್ ಭಾಷೆಯಿದೆ. ಬಾಗಿಲು ತೆರೆದಾಗ, ಶತ್ರು ಸತ್ತಾಗ, ಆಟದ ಗಡಿಯಾರ ಇಂತಿಷ್ಟು ಮುಂದೆ ಹೋದಾಗ ಏನಾಗಬೇಕೆಂದು ಅದರಲ್ಲಿ ಬರೆಯಬಹುದು. ಅದು ಕೊಡದ ಶಕ್ತಿಗಳನ್ನು ಅಭಿಮಾನಿಗಳೇ ಗಳಿಸಿಕೊಂಡರು. ಆಬ್ಲಿವಿಯನ್‌ಗೆ ಇಂಥದೇ ಕೆಲಸ ಮಾಡಿದ್ದ ಚಿಕ್ಕ ತಂಡವೊಂದು ಸ್ಕೈರಿಮ್ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ತಯಾರಿಸಿತು. ಆಟದ ಪ್ರೋಗ್ರಾಮು ಸ್ಮೃತಿಗೆ ಬಂದ ಮೇಲೆ ಅದರೊಳಕ್ಕೆ ಸೇರಿಕೊಂಡು, ಸ್ಕ್ರಿಪ್ಟುಗಳಿಗೆ ಹೊಸ ಆಜ್ಞೆಗಳನ್ನು ಒದಗಿಸುವುದು ಅದರ ಕೆಲಸ. ದೊಡ್ಡ ಮಾಡ್‌ಗಳಲ್ಲಿ ಬಹಳಷ್ಟಕ್ಕೆ ಅದೇ ಅಡಿಪಾಯ. ಕಂಪ್ಯೂಟರಿಗೆ ಒಗ್ಗದಿದ್ದ ಆಟದ ಮೂಲ ಮೆನು ಪಟ್ಟಿಗಳನ್ನು ಬದಲಿಸಿದ ಸ್ಕೈಯುಐ ಇದನ್ನು ಆಧರಿಸಿದೆ. ಎಲ್ಲ ಮಾಡ್‌ಗಳ ಆಯ್ಕೆಗಳನ್ನೂ ಆಟದೊಳಗಿನ ಒಂದೇ ಕಡೆ ತಂದ ಸಂರಚನಾ ಪಟ್ಟಿಯೂ ಸ್ಕೈಯುಐಯ ಕೊಡುಗೆ.

ಲೋಡ್ ಆರ್ಡರ್

ಎರಡು ಮಾಡ್‌ಗಳು ಒಂದೇ ದಾಖಲೆಯನ್ನು ತಿದ್ದಿದರೆ ಕೊನೆಗೆ ಓದಿದ್ದು ಗೆಲ್ಲುತ್ತದೆ, ಅದೂ ಇಡಿಯಾಗಿ. ವೈಟ್‌ರನ್ ಊರಿನ ಕಾವಲುಗಾರನಿಗೆ ಒಂದು ಮಾಡ್ ಹೊಸ ಕವಚ ಕೊಟ್ಟಿದೆ, ಇನ್ನೊಂದು ಅವನ ಕಾದಾಟದ ಬಲ ಹೆಚ್ಚಿಸಿದೆ ಎಂದುಕೊಂಡರೆ, ಎರಡನೆಯದು ಕೊನೆಗೆ ಬಂದಾಗ ಬಲ ಹೆಚ್ಚುತ್ತದೆ, ಕವಚ ಮಾತ್ರ ಹಳೆಯದಕ್ಕೇ ಮರಳುತ್ತದೆ. ಯಾಕೆಂದರೆ ಎರಡನೆಯ ಮಾಡ್‌ನ ಬದಲಿ ಪ್ರತಿಯಲ್ಲಿ ಕವಚದ ಜಾಗದಲ್ಲಿ ಮೂಲ ಕವಚವೇ ಇದೆ. ಆಟ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಮಾಡ್‌ಗಳ ಓದಿನ ಕ್ರಮಕ್ಕೆ ಲೋಡ್ ಆರ್ಡರ್ ಎನ್ನುತ್ತಾರೆ; ಮಾಡಿಂಗ್‌ನಲ್ಲಿ ಪಳಗಿದವರ ಮಾತುಕತೆಯ ಅರ್ಧ ಭಾಗ ಇದರ ಸುತ್ತಲೇ.

ಕ್ರಮ ಜೋಡಿಸಲು ನೆರವಾಗುವ ಲೂಟ್ ಎಂಬ ತಂತ್ರಾಂಶ, ಯಾವ ಮಾಡ್ ಯಾವುದರ ನಂತರ ಬರಬೇಕೆಂಬ ಸಮುದಾಯದ ತಿಳಿವಳಿಕೆಯನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಂಡಿದೆ. ಆದರೆ ಕ್ರಮ ಸರಿಯಾದ ಮಾತ್ರಕ್ಕೆ ಕಾವಲುಗಾರನಿಗೆ ಕವಚವೂ ಬಲವೂ ಒಟ್ಟಿಗೆ ದಕ್ಕುವುದಿಲ್ಲ. ಅದಕ್ಕೆ ಎರಡನ್ನೂ ಕೂಡಿಸಿ ಬರೆದ ಮೂರನೆಯ ಪ್ಲಗಿನ್ ಬೇಕು. ಅದೇ ಹೊಂದಾಣಿಕೆ ಪ್ಯಾಚ್. ಎಕ್ಸ್‌ಎಡಿಟ್ ಎಂಬ ಸಲಕರಣೆಯಲ್ಲಿ ಒಂದು ದಾಖಲೆಯ ಎಲ್ಲ ಪ್ರತಿಗಳನ್ನೂ ಅಕ್ಕಪಕ್ಕದ ಕಂಬಸಾಲುಗಳಲ್ಲಿ ನೋಡಬಹುದು. ಸಂಘರ್ಷವಿರುವ ಸಾಲುಗಳಿಗೆ ಬಣ್ಣ ಬಳಿದಿರುತ್ತದೆ. ಬೇಕಾದ ಅಂಶವನ್ನು ಎಳೆದು ಪ್ಯಾಚ್‌ಗೆ ಹಾಕಬಹುದು. ಮಾರೋವಿಂಡ್ ಕಾಲದಿಂದ ಬೆಳೆದುಬಂದ ರೈ ಬ್ಯಾಷ್ ಇಂಥ ಜೋಡಣೆಯ ಒಂದು ಪಾಲನ್ನು ತಾನೇ ಮಾಡಿಕೊಡುತ್ತದೆ. ಮಿಕ್ಕದ್ದು ಕೈಕೆಲಸ, ತಾಳ್ಮೆಯ ಕೆಲಸ. ದೃಶ್ಯವೈಭವದ ಮಾಡ್‌ಗಳಿಗೆ ಸಿಗುವ ಮೆಚ್ಚುಗೆ ಈ ಪ್ಯಾಚ್‌ಗಳಿಗೆ ಸಿಗುವುದಿಲ್ಲ. ಆದರೂ ನೂರಾರು ಮಾಡ್‌ಗಳ ಆಟವೊಂದು ನಿಂತಿರುವುದು ಯಾರೋ ಇಬ್ಬರ ಕೆಲಸಗಳ ನಡುವೆ ಮೂರನೆಯವರು ಹಾಕಿದ ಈ ಹೊಲಿಗೆಗಳ ಮೇಲೆ. ಒಂದು ಮಾಡ್ ಊರಿನ ಬೀದಿಗೆ ಮರ ನೆಟ್ಟರೆ, ಇನ್ನೊಂದು ಅದೇ ಜಾಗದಲ್ಲಿ ಅಂಗಡಿ ಕಟ್ಟಿದರೆ, ಜನ ನಡೆಯುವ ದಾರಿಯ ಜಾಲವನ್ನು ಇಬ್ಬರೂ ಬೇರೆಬೇರೆಯಾಗಿ ತಿದ್ದಿದರೆ, ಬಿಡಿಸಲು ಇಂಥವರೇ ಬರಬೇಕು.

ಫೈಲುಗಳ ಮಟ್ಟದ ಗೊಂದಲ ಇದಕ್ಕಿಂತ ಬೇರೆ. ಆರಂಭದ ವರ್ಷಗಳಲ್ಲಿ ಮಾಡ್‌ನ ಫೈಲುಗಳನ್ನು ನೇರವಾಗಿ ಡೇಟಾ ಫೋಲ್ಡರಿಗೆ ನಕಲು ಮಾಡುತ್ತಿದ್ದರು. ಹೊಸದು ಹಳೆಯದರ ಮೇಲೆ ಬಿದ್ದು ಅಳಿಸಿದರೆ ಮರಳಿ ಪಡೆಯುವುದು ಕಷ್ಟವಾಗುತ್ತಿತ್ತು. ಮಾಡ್ ಆರ್ಗನೈಜರ್ ಈ ತೊಡಕನ್ನು ಚೆನ್ನಾಗಿ ನಿವಾರಿಸಿತು: ಪ್ರತಿ ಮಾಡ್ ತನ್ನದೇ ಫೋಲ್ಡರಿನಲ್ಲಿ ಇರುತ್ತದೆ, ಆಟ ಓಡುವಾಗ ಮಾತ್ರ ಎಲ್ಲವೂ ಡೇಟಾ ಫೋಲ್ಡರಿನೊಳಗೆ ಇದ್ದಂತೆ ಎಂಜಿನ್‌ಗೆ ಕಾಣುತ್ತದೆ. ಒಂದೊಂದು ಪಾತ್ರಕ್ಕೂ ಬೇರೆ ಬೇರೆ ಮಾಡ್‌ಗಳ ಗುಂಪನ್ನು ಇಟ್ಟುಕೊಳ್ಳಲು ಇದರಿಂದ ಸಾಧ್ಯವಾಯಿತು. ನೆಕ್ಸಸ್‌ನ ವೋರ್ಟೆಕ್ಸ್ ಅದೇ ಉದ್ದೇಶವನ್ನು ಬೇರೆ ವಿಧಾನದಲ್ಲಿ ಸಾಧಿಸುತ್ತದೆ.

ಸೇವ್ ಮತ್ತು ದೀರ್ಘ ಆಟ

ಪ್ಲಗಿನ್‌ಗಳು ಮೂಲ ಆಟವನ್ನು ಮುಟ್ಟುವುದಿಲ್ಲ ಎಂಬುದು ನಿಜ. ಆಟಗಾರನ ಸೇವ್ ಫೈಲನ್ನು ಮಾತ್ರ ಮುಟ್ಟುತ್ತವೆ. ಇದನ್ನು ಅರಿಯದೆ ನೂರು ಗಂಟೆಯ ಆಟವನ್ನು ಕಳೆದುಕೊಂಡವರು ಅಸಂಖ್ಯ. ಸೇವ್‌ನಲ್ಲಿ ಪಾತ್ರದ ಬಲ, ಬಗಲಚೀಲ, ನಿಂತ ಜಾಗಗಳಷ್ಟೇ ಇರುವುದಿಲ್ಲ. ಎಲ್ಲಿ ಯಾವ ವಸ್ತು ಸರಿದಾಡಿದೆ, ಯಾರು ಸತ್ತಿದ್ದಾರೆ, ಯಾವ ಕಥೆ ಯಾವ ಹಂತದಲ್ಲಿದೆ ಎಂಬುದೆಲ್ಲ ಅಲ್ಲಿದೆ. ಓಡುತ್ತಿರುವ ಪ್ರತಿ ಸ್ಕ್ರಿಪ್ಟಿನ ಸ್ಥಿತಿಯೂ ಅದು ಹಿಡಿದಿಟ್ಟ ಮೌಲ್ಯಗಳೂ ಅಲ್ಲಿವೆ. ಮಾಡ್ ಒಂದನ್ನು ನಡುವೆ ತೆಗೆದುಹಾಕಿದರೆ ಅದರ ಸ್ಕ್ರಿಪ್ಟುಗಳ ಕುರುಹು ಸೇವ್‌ನಲ್ಲಿ ಅನಾಥವಾಗಿ ಉಳಿಯುತ್ತದೆ. ಮಾಡ್‌ನ ಹೊಸ ಆವೃತ್ತಿ ಹಾಕಿದರೂ ಹಳೆಯ ಮೌಲ್ಯಗಳು ಸೇವ್‌ನಿಂದಲೇ ಬರುತ್ತಿರುತ್ತವೆ. ಒಮ್ಮೆ ನೋಡಿಬಂದ ಊರಿಗೆ ಆಮೇಲೆ ಮಾಡ್ ಸೇರಿಸಿದರೆ ಕೆಲವು ಬದಲಾವಣೆಗಳು ಕಾಣದೇ ಹೋಗಬಹುದು, ಏಕೆಂದರೆ ಆ ಜಾಗದ ಹಳೆಯ ಸ್ಥಿತಿ ಸೇವ್‌ನಲ್ಲಿದೆ. ಮತ್ತೆ ಹೋಗದೆ ಬಿಟ್ಟ ಜಾಗಗಳು ಆಟದೊಳಗಿನ ಹತ್ತು ದಿನಗಳ ನಂತರ, ಗೆದ್ದು ಬರಿದು ಮಾಡಿದ ಗುಹೆಗಳು ಮೂವತ್ತು ದಿನಗಳ ನಂತರ ಹೊಸದಾಗುತ್ತವೆ ಎಂಬ ನಿಯಮ ಇಲ್ಲಿ ಸ್ವಲ್ಪ ನೆರವಿಗೆ ಬರುತ್ತದೆ.

ಸಮಸ್ಯೆಯ ಕೆಡುಕು ಅದು ತಡವಾಗಿ ತೋರುವುದರಲ್ಲಿದೆ. ಪಪೈರಸ್‌ಗೆ ಪರದೆಯ ಪ್ರತಿ ಚೌಕಟ್ಟಿನಲ್ಲಿ (ಫ್ರೇಮ್) ಸಿಗುವ ಸಮಯ ತೀರ ಕಡಿಮೆ, ಸುಮಾರು ಒಂದು ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದ ಕೆಲಸ ಮುಂದಿನ ಚೌಕಟ್ಟಿಗೆ ಕಾಯುತ್ತದೆ. ಒಂದೆರಡು ಸೆಕೆಂಡಿಗೊಮ್ಮೆ ಸುತ್ತಲಿನ ಎಲ್ಲವನ್ನೂ ಪರೀಕ್ಷಿಸುವ ಮಾಡ್‌ಗಳು ಹಲವಿದ್ದರೆ ಕಾಯುವ ಸಾಲು ಬೆಳೆಯುತ್ತದೆ. ಆಟದ ಮೊದಲ ಹತ್ತು ಗಂಟೆಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಅರವತ್ತನೆಯ ಗಂಟೆಯ ಹೊತ್ತಿಗೆ ಮಾತಾಡಿಸಿದ ಮನುಷ್ಯ ತಡವಾಗಿ ಉತ್ತರಿಸುತ್ತಾನೆ, ಕಥೆಯ ಹಂತ ಮುಂದಕ್ಕೆ ಸರಿಯುವುದಿಲ್ಲ, ಸೇವ್ ದಪ್ಪಗಾಗುತ್ತ ಹೋಗುತ್ತದೆ, ಕೊನೆಗೆ ಒಂದು ಬಾಗಿಲು ದಾಟುವಾಗ ಆಟ ಕ್ರ್ಯಾಶ್ ಆಗುತ್ತದೆ. ಸೇವ್ ಒಳಗನ್ನು ಬಿಚ್ಚಿ ಅನಾಥ ಸ್ಕ್ರಿಪ್ಟುಗಳನ್ನು ತೆಗೆಯುವ ಸಲಕರಣೆಗಳು ಇವೆಯಾದರೂ ಅವು ಮಾಡುವುದು ಶಸ್ತ್ರಚಿಕಿತ್ಸೆ. ಆರೋಗ್ಯದ ಖಾತ್ರಿ ಇಲ್ಲ.

ಹೀಗಾಗಿ ಅನುಭವಿಗಳು ಒಂದು ಕ್ರಮವನ್ನು ರೂಢಿಸಿಕೊಂಡಿದ್ದಾರೆ. ಮೊದಲು ಮಾಡ್‌ಗಳನ್ನು ಆರಿಸಿ, ಒಂದೆರಡರಂತೆ ಸೇರಿಸಿ, ಬಿಸಾಡುವುದಕ್ಕೆಂದೇ ಸೃಷ್ಟಿಸಿದ ಪಾತ್ರದಿಂದ ಪರೀಕ್ಷಿಸುತ್ತಾರೆ. ಮುಖಪುಟದಲ್ಲಿಯೇ ಕನ್ಸೋಲ್ ತೆರೆದು ಒಂದು ಆಜ್ಞೆ ಕೊಟ್ಟು ನೇರವಾಗಿ ಯಾವುದಾದರೂ ಊರಿಗೋ, ಆಟ ತಯಾರಿಸಿದವರು ವಸ್ತುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿಟ್ಟುಕೊಂಡಿದ್ದ ಕ್ಯೂಎಸ್ಮೋಕ್ ಎಂಬ ಪರೀಕ್ಷಾ ಕೋಣೆಗೋ ಹೋಗುತ್ತಾರೆ. ಎಲ್ಲವೂ ಸರಿಯೆನಿಸಿದ ಮೇಲೆ ಪಟ್ಟಿಯನ್ನು ಸ್ಥಿರಗೊಳಿಸಿ, ಹೊಸ ಪಾತ್ರ ಆರಂಭಿಸಿ, ಆ ಪಾತ್ರದ ಕಥೆ ಮುಗಿಯುವವರೆಗೆ ಯಾವ ಸ್ಕ್ರಿಪ್ಟುಳ್ಳ ಮಾಡ್ ಅನ್ನೂ ತೆಗೆಯುವುದಿಲ್ಲ. ಟೆಕ್ಸ್ಚರ್, ಮೆಶ್‌ಗಳನ್ನು ನಡುವೆ ಬದಲಿಸಬಹುದು. ಅವು ಸೇವ್‌ನಲ್ಲಿ ಬೇರೂರುವುದಿಲ್ಲ. ಆಟ ತಾನೇ ಮಾಡುವ ಸೇವ್‌ಗಳನ್ನು ನಂಬದೆ ಹೊಸ ಹೆಸರಿನಲ್ಲಿ ಪೂರ್ಣ ಸೇವ್ ಮಾಡಿಕೊಳ್ಳುವುದೂ ಈ ಶಿಸ್ತಿನ ಭಾಗ.

ಪರೀಕ್ಷೆಗಳ ಈ ಹಂತವೇ ಎಷ್ಟೋ ಜನರಿಗೆ ನಿಜವಾದ ಆಟಕ್ಕಿಂತ ಹೆಚ್ಚು ಗಂಟೆಗಳನ್ನು ತೆಗೆದುಕೊಳ್ಳುತ್ತದೆ. ಇದನ್ನು ವ್ಯರ್ಥ ಕಾಲವೆಂದು ತಳ್ಳಿಹಾಕುವುದು ಸರಿಯಲ್ಲ. ದಾಖಲೆಗಳನ್ನು ಓದುವುದು, ದೋಷದ ಮೂಲ ಹುಡುಕುವುದು, ಪಟ್ಟಿಯ ಅರ್ಧವನ್ನು ತೆಗೆದು ಉಳಿದರ್ಧವನ್ನು ಪರೀಕ್ಷಿಸುತ್ತ ತಪ್ಪಿನ ಹತ್ತಿರ ಹೋಗುವುದು, ಇವೆಲ್ಲ ತಂತ್ರಾಂಶ ರಚಿಸುವವರು ಮಾಡುವ ಕೆಲಸವೇ. ಶಾಲೆಯಲ್ಲಿ ಪ್ರೋಗ್ರಾಮಿಂಗ್ ಕಲಿಯದವರೂ ಆಟದ ಮೋಹದಿಂದ ಅದನ್ನು ಕಲಿತಿದ್ದಾರೆ.

ಪದೇ ಪದೇ ಹೊಸದಾಗಿ ಆರಂಭಿಸುವವರಿಗೆ ಒಂದು ತೊಂದರೆಯಿತ್ತು. ಮೂಲ ಆಟ ಶುರುವಾಗುವುದು ಕೈ ಕಟ್ಟಿದ ಸೆರೆಯಾಳುಗಳನ್ನು ಹೆಲ್ಗನ್ ಊರಿಗೆ ಒಯ್ಯುವ ಬಂಡಿಯ ಮೇಲೆ; ತಪ್ಪಿಸಲಾಗದ ಆ ಪ್ರಸಂಗ ಉದ್ದವಾದದ್ದು. ಅಲ್ಲದೆ ಆಟದ ಭೌತಿಕ ಚಲನೆಯ ಲೆಕ್ಕ ಸೆಕೆಂಡಿಗೆ 60 ಚೌಕಟ್ಟುಗಳ ವೇಗಕ್ಕೆ ಕಟ್ಟಿಕೊಂಡಿರುವುದರಿಂದ, ವೇಗ ಅದನ್ನು ಮೀರಿದರೆ ಬಂಡಿ ದಾರಿ ಬಿಟ್ಟು ಹಾರಾಡುತ್ತದೆ. 'ಲಿವ್ ಅನದರ್ ಲೈಫ್' ಎಂಬ ಮಾಡ್ ಇದರ ಬದಲು ಪಾತ್ರವನ್ನು ಪಾಳುಬಿದ್ದ ಸೆರೆಮನೆಯ ಕೋಣೆಯಲ್ಲಿ ಮಾರಾ ದೇವಿಯ ಪ್ರತಿಮೆಯ ಮುಂದೆ ನಿಲ್ಲಿಸುತ್ತದೆ. ಅಲ್ಲಿ ತನ್ನ ಆರಂಭವನ್ನು ಆರಿಸಿಕೊಂಡು ಹಡಗು ಒಡೆದು ದಡ ಸೇರಿದವನಾಗಬಹುದು, ಛತ್ರದಲ್ಲಿ ತಂಗಿದ ಪ್ರಯಾಣಿಕನಾಗಬಹುದು. ಡ್ರ್ಯಾಗನ್‌ಗಳ ಕಥೆಯನ್ನು ಆರಂಭಿಸಲೇಬೇಕೆಂಬ ಕಟ್ಟಳೆ ಆಗ ಇರುವುದಿಲ್ಲ.

ಮಾಡ್‌ಗಳ ಬಗೆಗಳು

ದೋಷ ಸರಿಪಡಿಸುವ ಮಾಡ್‌ಗಳನ್ನು ಮೊದಲು ಹೇಳಬೇಕು. ಅನಧಿಕೃತ ಪ್ಯಾಚ್ ಎಂದು ಹೆಸರಾದ ಸಂಗ್ರಹ ಬೆಥೆಸ್ಡ ಸರಿಪಡಿಸದೆ ಬಿಟ್ಟ ಸಾವಿರಾರು ತಪ್ಪುಗಳನ್ನು ತಿದ್ದಿದೆ: ಮುಂದೆ ಸಾಗದ ಕಥೆಗಳು, ಗಾಳಿಯಲ್ಲಿ ತೇಲುವ ಕಲ್ಲುಗಳು, ಕೆಲಸ ಮಾಡದ ಮಂತ್ರಗಳು. ಮಾಡ್ ಪಟ್ಟಿಗಳಲ್ಲಿ ಅದು ಸಾಮಾನ್ಯವಾಗಿ ಮೊದಲ ಸಾಲಿನಲ್ಲಿರುತ್ತದೆ. ಅದರ ತಂಡ ದೋಷವೆಂದು ತಿದ್ದಿದ ಕೆಲವನ್ನು ಆಟದ ಸ್ವಭಾವವೆಂದೇ ತಿಳಿದಿದ್ದವರು ಒಪ್ಪದಿರುವುದೂ ಉಂಟು.

ನೋಟ ಬದಲಿಸುವ ಮಾಡ್‌ಗಳು ಸಂಖ್ಯೆಯಲ್ಲಿ ಬಹಳ. ರಷ್ಯಾದ ಬೋರಿಸ್ ವೊರೊಂತ್ಸೊವ್ ತಯಾರಿಸಿದ ಇಎನ್‌ಬಿ ಆಟದ ಬೆಳಕು ನೆರಳುಗಳ ಲೆಕ್ಕದಲ್ಲಿಯೇ ಕೈಯಾಡಿಸಿ, 2011ರ ಆಟಕ್ಕೆ ಬಹಳ ನಂತರದ ಆಟಗಳ ಮೆರುಗು ಕೊಡುತ್ತದೆ. ದೂರದ ಬೆಟ್ಟ, ಮರ, ಊರುಗಳ ಸರಳ ಆಕಾರಗಳನ್ನು ಆಟಗಾರನ ಸ್ವಂತ ಮಾಡ್‌ಗಳಿಗೆ ತಕ್ಕಂತೆ ಹೊಸದಾಗಿ ತಯಾರಿಸುವ ಡಿನ್‌ಡೊಲಾಡ್ ತಂತ್ರಾಂಶಕ್ಕೆ ಒಮ್ಮೊಮ್ಮೆ ಗಂಟೆಗಟ್ಟಲೆ ಹಿಡಿಯುತ್ತದೆ.

ದೀರ್ಘ ಆಟಕ್ಕೆ ಹೆಚ್ಚು ಮುಖ್ಯವಾದವು ನಿಯಮ ಬದಲಿಸುವ ಮಾಡ್‌ಗಳು. ಮೂಲ ಆಟದಲ್ಲಿ ಕಮ್ಮಾರಿಕೆ, ಮಂತ್ರಲೇಪನ, ರಸವಿದ್ಯೆ ಮೂರನ್ನೂ ಕಲಿತರೆ ಒಂದು ಇನ್ನೊಂದನ್ನು ಮೇಲೆತ್ತುತ್ತ ಪಾತ್ರ ಅಜೇಯವಾಗುತ್ತದೆ. ಶತ್ರುಗಳೂ ಆಟಗಾರನ ಮಟ್ಟಕ್ಕೆ ತಕ್ಕಂತೆ ಬೆಳೆಯುವುದರಿಂದ, ಎಲ್ಲಿ ಹೋದರೂ ಅದೇ ಅನುಭವ. 'ರೆಕ್ವಿಯಮ್' ಮಾಡ್ ಈ ಬೆಳವಣಿಗೆಯನ್ನು ಕಿತ್ತುಹಾಕಿ ಪ್ರತಿ ಜಾಗಕ್ಕೂ ತನ್ನದೇ ಅಪಾಯದ ಮಟ್ಟ ಕೊಟ್ಟಿತು. ಆರಂಭದಲ್ಲಿ ಓಡಿಹೋಗಲೇಬೇಕಾದ ಗುಹೆಗೆ ಐವತ್ತು ಗಂಟೆಗಳ ನಂತರ ಮರಳಿ ಗೆಲ್ಲುವ ತೃಪ್ತಿ ಅಲ್ಲಿದೆ. 'ಫ್ರಾಸ್ಟ್‌ಫಾಲ್' ಹಿಮನಾಡಿನ ಚಳಿಗೆ ನಿಜವಾದ ಬೆಲೆ ತಂದಿತು: ಒದ್ದೆಯಾದರೆ ಮೈ ಮರಗಟ್ಟುತ್ತದೆ, ಬೆಂಕಿ ಹುಡುಕಬೇಕು. ಅದೇ ದಿಕ್ಕಿನ ಸರ್ವೈವಲ್ ಮೋಡ್ ಅನ್ನು ಬೆಥೆಸ್ಡವೇ 2017ರಲ್ಲಿ ಹೊರತಂದಿತು.

ಜೊತೆಗಾರರ ಮಾಡ್‌ಗಳು ಇನ್ನೊಂದು ದೊಡ್ಡ ಕವಲು. ಮೂಲ ಆಟದ ಜೊತೆಗಾರರು ಕೆಲವೇ ಮಾತುಗಳನ್ನು ಪುನಃ ಪುನಃ ಹೇಳುತ್ತಾರೆ. 'ಇನಿಗೊ' ಎಂಬ ನೀಲಿ ಮೈಯ, ಬೆಕ್ಕಿನಂಥ ಖಜೀತ್ ಕುಲದ ಜೊತೆಗಾರನಿಗೆ ಸಾವಿರಾರು ಸಾಲುಗಳ ಮಾತು ಬರೆದು ಧ್ವನಿ ಕೊಡಲಾಗಿದೆ. ಹೋದ ಜಾಗಗಳ ಬಗ್ಗೆ, ಜೊತೆಯಾಗಿ ಮಾಡಿದ ಕೆಲಸಗಳ ಬಗ್ಗೆ ಅವನಿಗೆ ತನ್ನದೇ ಅಭಿಪ್ರಾಯಗಳಿವೆ. ನೂರು ಗಂಟೆಯ ಒಂಟಿ ಪಯಣದಲ್ಲಿ ಇದು ತರುವ ವ್ಯತ್ಯಾಸವನ್ನು ಯಾವ ಚಿತ್ರಸೊಬಗೂ ತರಲಾರದು. ಡ್ರ್ಯಾಗನ್‌ಗಳ ಜಾಗಕ್ಕೆ ಮಕ್ಕಳ ಕಥೆಯ ಥಾಮಸ್ ರೈಲು ಎಂಜಿನನ್ನು ತಂದ ಮಾಡ್‌ನಂಥ ವಿನೋದಗಳೂ ಇವೆ. ಆಟದ ಹೊರಗಿನವರೂ ಸ್ಕೈರಿಮ್ ಮಾಡಿಂಗ್ ಹೆಸರು ಕೇಳಿದ್ದು ಅನೇಕ ಸಲ ಇಂಥವುಗಳಿಂದ.

ಹೊಸ ನಾಡುಗಳು

ಮಾಡ್ ಒಂದು ಬೆಳೆದು ಸ್ವತಂತ್ರ ಕೃತಿಯಾಗುವ ಉದಾಹರಣೆಗಳು ಈ ಆಟದಲ್ಲಿ ಹಲವು. 2013ರ 'ಫಾಲ್ಸ್‌ಕಾರ್' ಹೊಸ ದ್ವೀಪವನ್ನೂ ಇಪ್ಪತ್ತು ಗಂಟೆಗಳಿಗೂ ಹೆಚ್ಚಿನ ಕಥೆಯನ್ನೂ ಸೇರಿಸಿತು. ಅದನ್ನು ಕಟ್ಟಿದ ಹದಿಹರೆಯದ ರಚನೆಕಾರನಿಗೆ ಮುಂದೆ ಬಂಜಿ ಎಂಬ ಗೇಮ್ ಸಂಸ್ಥೆಯಲ್ಲಿ ಕೆಲಸ ದೊರೆಯಿತು. ಜರ್ಮನಿಯ ಶೂರ್‌ಎಐ ತಂಡ ಹಿಂದೆ ಆಬ್ಲಿವಿಯನ್ ಮೇಲೆ 'ನೆಹ್ರಿಮ್' ಕಟ್ಟಿತ್ತು. 2016ರಲ್ಲಿ ಸ್ಕೈರಿಮ್ ಎಂಜಿನ್ ಮೇಲೆ 'ಎಂಡೆರಾಲ್' ಬಿಡುಗಡೆ ಮಾಡಿತು. ಅದರಲ್ಲಿ ಸ್ಕೈರಿಮ್‌ನ ನಾಡೂ ಇಲ್ಲ, ದೇವರುಗಳೂ ಇಲ್ಲ. ಕಥೆ, ಸಂಗೀತ, ಕೌಶಲ ವ್ಯವಸ್ಥೆ ಎಲ್ಲ ತಂಡದ್ದೇ. ಆ ವರ್ಷದ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ಅಭಿಮಾನಿ ಸೃಷ್ಟಿಯ ಪ್ರಶಸ್ತಿ ಅದಕ್ಕೆ ಸಂದಿತು.

ಬರವಣಿಗೆಯ ದೃಷ್ಟಿಯಿಂದ ಅತಿ ಹೆಸರಾದದ್ದು 'ದಿ ಫರ್ಗಾಟನ್ ಸಿಟಿ'. ಆಸ್ಟ್ರೇಲಿಯಾದ ನಿಕ್ ಪಿಯರ್ಸ್ ವಕೀಲಿ ಮಾಡುತ್ತಿದ್ದಾಗ ರಚಿಸಿದ್ದು. ನೆಲದೊಳಗಿನ ಪುರಾತನ ನಗರ; ಅಲ್ಲಿ ಒಬ್ಬ ತಪ್ಪು ಮಾಡಿದರೆ ಎಲ್ಲರೂ ಸಾಯಬೇಕೆಂಬ ಕಾನೂನು; ಆಟಗಾರ ಕಾಲದಲ್ಲಿ ಹಿಂದೆ ಹೋಗಿ ಅಪರಾಧ ತಡೆಯಬೇಕು. ಆಸ್ಟ್ರೇಲಿಯಾದ ಬರಹಗಾರರ ಸಂಘ 2016ರಲ್ಲಿ ಅದಕ್ಕೆ ಪ್ರಶಸ್ತಿ ಕೊಟ್ಟಿತು. ಆ ಗೌರವ ಪಡೆದ ಮೊದಲ ಮಾಡ್ ಅದು. ಪಿಯರ್ಸ್ ವಕೀಲಿ ಬಿಟ್ಟು ಕಥೆಯನ್ನು ರೋಮನ್ ಕಾಲಕ್ಕೆ ಒಯ್ದು 2021ರಲ್ಲಿ ಸ್ವತಂತ್ರ ಆಟವಾಗಿ ತಂದರು.

ಮುಗಿಯದ ಯೋಜನೆಗಳೂ ಈ ಇತಿಹಾಸದ ಭಾಗವೇ. ಮಾರೋವಿಂಡ್ ನಾಡಿನ ಉಳಿದ ನೆಲವನ್ನು ಕಟ್ಟುವ 'ಟಾಮ್ರಿಯೆಲ್ ರೀಬಿಲ್ಟ್' ಆ ಆಟ ಬಿಡುಗಡೆಯಾಗುವ ಮೊದಲೇ ಶುರುವಾಗಿ ತಲೆಮಾರು ಬದಲಾದರೂ ಸಾಗಿದೆ. ಸ್ಕೈರಿಮ್‌ನ ಗಡಿಯಾಚೆಯ ಪ್ರಾಂತ್ಯಗಳನ್ನು ಕಟ್ಟಲು ಹೊರಟ 'ಬಿಯಾಂಡ್ ಸ್ಕೈರಿಮ್' 2017ರಲ್ಲಿ ಬ್ರೂಮಾ ಪ್ರದೇಶವನ್ನು ಹೊರತಂದಿತು.

ಹಣ ಮತ್ತು ಹಕ್ಕು

ಕ್ರಿಯೇಷನ್ ಕಿಟ್‌ನ ಪರವಾನಗಿಯ ಪ್ರಕಾರ ಮಾಡ್‌ಗಳನ್ನು ರಚನೆಕಾರರು ಸ್ವತಂತ್ರವಾಗಿ ಮಾರುವಂತಿಲ್ಲ. 2015ರ ಏಪ್ರಿಲ್ 23ರಂದು ವಾಲ್ವ್ ಮತ್ತು ಬೆಥೆಸ್ಡ ಸೇರಿ ಸ್ಟೀಮ್‌ನಲ್ಲಿ ಹಣಕ್ಕೆ ಮಾಡ್ ಮಾರುವ ವ್ಯವಸ್ಥೆ ತೆರೆದವು. ಬೆಲೆಯ ಶೇಕಡಾ 25 ರಚನೆಕಾರರಿಗೆ, ಶೇಕಡಾ 45 ಬೆಥೆಸ್ಡಕ್ಕೆ, ಶೇಕಡಾ 30 ವಾಲ್ವ್‌ಗೆ. ಲಕ್ಷಕ್ಕೂ ಹೆಚ್ಚು ಜನ ವಿರೋಧದ ಮನವಿಗೆ ಸಹಿ ಹಾಕಿದರು. ಮಾರಾಟಕ್ಕಿಟ್ಟ ಮೀನು ಹಿಡಿಯುವ ಮಾಡ್ ಒಂದು ಬೇರೊಬ್ಬರ ಉಚಿತ ಚಲನೆಯ ಮಾಡ್ ಅನ್ನು ಆಧರಿಸಿದೆ ಎಂದು ಗೊತ್ತಾಗಿ ಹಿಂದಕ್ಕೆ ಹೋಯಿತು. ನಾಲ್ಕೇ ದಿನಗಳಲ್ಲಿ, ಏಪ್ರಿಲ್ 27ರಂದು, ಇಡೀ ವ್ಯವಸ್ಥೆ ರದ್ದಾಯಿತು. ಕೆಲಸಕ್ಕೆ ಕೂಲಿ ಸಿಗಬಾರದೆಂದು ಹೇಳಿದವರು ಕಡಿಮೆ. ಒಬ್ಬರ ಮಾಡ್ ಇನ್ನೊಬ್ಬರ ಮಾಡ್ ಮೇಲೆ ನಿಂತಿರುವ ಲೋಕದಲ್ಲಿ ಬೆಲೆಚೀಟಿ ಯಾರ ಹೆಸರಿಗೆ ಅಂಟಬೇಕೆಂಬ ಪ್ರಶ್ನೆಗೆ ಅಂದು ಉತ್ತರವಿರಲಿಲ್ಲ. 2017ರ ಕ್ರಿಯೇಷನ್ ಕ್ಲಬ್‌ನಲ್ಲಿ ಬೆಥೆಸ್ಡ ತಾನೇ ಆರಿಸಿದ ರಚನೆಕಾರರಿಂದ ಹೊಸ ಸೇರ್ಪಡೆಗಳನ್ನು ಮಾಡಿಸಿ ಮಾರಿತು. 2023ರ ಡಿಸೆಂಬರಿನಲ್ಲಿ ಬಂದ ಕ್ರಿಯೇಷನ್ಸ್ ವ್ಯವಸ್ಥೆಯಲ್ಲಿ ಮಾನ್ಯತೆ ಪಡೆದ ರಚನೆಕಾರರು ಬೆಲೆ ಇಡಬಹುದು; ಉಚಿತ ಮಾಡ್‌ಗಳೂ ಪಕ್ಕದಲ್ಲೇ ಇವೆ.

ಹಕ್ಕಿನ ಇನ್ನೊಂದು ವಿವಾದ ಹುಟ್ಟಿದ್ದು ಮಾಡ್ ಪಟ್ಟಿಗಳಿಂದ. ಪಳಗಿದವರು ಪರೀಕ್ಷಿಸಿ ಹೊಂದಿಸಿದ ನೂರಾರು ಮಾಡ್‌ಗಳ ಗುಂಪನ್ನು ವಬ್ಬಜ್ಯಾಕ್ ತಂತ್ರಾಂಶ ತಾನಾಗಿ ಇಳಿಸಿ ಜೋಡಿಸುತ್ತದೆ. ವಾರಗಟ್ಟಲೆ ಮಾಡುತ್ತಿದ್ದ ಕೆಲಸ ಇದರಿಂದ ಒಂದು ರಾತ್ರಿಗೆ ಇಳಿಯಿತು. ನೆಕ್ಸಸ್ ಕೂಡ ಇಂಥ ಸಂಗ್ರಹಗಳನ್ನು ತರಲು ಹೊರಟಾಗ, ಪಟ್ಟಿಯ ನಡುವಿನ ಒಂದು ಮಾಡ್ ಅಳಿಸಿಹೋದರೆ ಇಡೀ ಪಟ್ಟಿ ಕೆಡುತ್ತದೆ ಎಂಬ ಕಾರಣಕ್ಕೆ 2021ರ ಜುಲೈನಲ್ಲಿ ಹೊಸ ನಿಯಮ ಪ್ರಕಟಿಸಿತು: ರಚನೆಕಾರರು ತಮ್ಮ ಫೈಲುಗಳನ್ನು ಕಣ್ಮರೆ ಮಾಡಬಹುದು, ಪೂರ್ತಿ ಅಳಿಸುವಂತಿಲ್ಲ. ಒಪ್ಪದವರಿಗೆ ಸುಮಾರು ಒಂದು ತಿಂಗಳ ಗಡುವು ಕೊಡಲಾಯಿತು. ಕೆಲವು ಹಿರಿಯ ರಚನೆಕಾರರು ತಮ್ಮೆಲ್ಲ ಕೆಲಸವನ್ನು ಹಿಂತೆಗೆದುಕೊಂಡು ಹೊರನಡೆದರು.

ಆವೃತ್ತಿಗಳು

ಮೂಲ ಸ್ಕೈರಿಮ್ 32 ಬಿಟ್‌ಗಳ ಪ್ರೋಗ್ರಾಮು. ಮೊದಲಿಗೆ 2 ಗಿಗಾಬೈಟ್, 2011ರ ಡಿಸೆಂಬರಿನ ಪ್ಯಾಚ್ ನಂತರ 4 ಗಿಗಾಬೈಟ್ ಸ್ಮೃತಿಯಷ್ಟೇ ಅದಕ್ಕೆ ದಕ್ಕುತ್ತಿತ್ತು. ಭಾರೀ ಟೆಕ್ಸ್ಚರ್ ಹಾಕಿದ ಆಟಗಳು ಕ್ರ್ಯಾಶ್ ಆಗುತ್ತಿದ್ದುದು ಬಹಳ ಸಲ ಇದೇ ಕಾರಣಕ್ಕೆ. 2016ರ ಅಕ್ಟೋಬರ್ 28ರಂದು ಬಂದ 64 ಬಿಟ್‌ಗಳ ಸ್ಪೆಷಲ್ ಎಡಿಷನ್ ಆ ಮಿತಿಯನ್ನು ನೀಗಿಸಿತು. ಎಕ್ಸ್‌ಬಾಕ್ಸ್ ಒನ್, ಪ್ಲೇಸ್ಟೇಷನ್ 4ರ ಆಟಗಾರರಿಗೂ ಅಂದಿನಿಂದ ಮಾಡ್‌ಗಳು ಸಿಕ್ಕವು: ಎಕ್ಸ್‌ಬಾಕ್ಸ್‌ನಲ್ಲಿ 5 ಗಿಗಾಬೈಟ್ ಜಾಗ, ಪ್ಲೇಸ್ಟೇಷನ್‌ನಲ್ಲಿ 1 ಗಿಗಾಬೈಟ್, ಅಲ್ಲಿ ಹೊರಗಿನ ಚಿತ್ರ, ಆಕಾರ, ಸದ್ದುಗಳನ್ನು ತರುವಂತಿಲ್ಲ. ಆದರೆ ಹಳೆಯ ಮಾಡ್‌ಗಳ ಪ್ಲಗಿನ್, ಮೆಶ್, ಚಲನೆಯ ಫೈಲುಗಳನ್ನು ಹೊಸ ರೂಪಕ್ಕೆ ಪರಿವರ್ತಿಸಬೇಕಾಯಿತು. ರಚನೆಕಾರರು ಬಿಟ್ಟುಹೋಗಿದ್ದ ಕೆಲವು ಮಾಡ್‌ಗಳು ಹಳೆಯ ಆವೃತ್ತಿಯಲ್ಲೇ ಉಳಿದವು.

ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಪ್ರೋಗ್ರಾಮಿನ ಒಳವಿಳಾಸಗಳನ್ನು ಅವಲಂಬಿಸಿರುವುದರಿಂದ ಬೆಥೆಸ್ಡದ ಪ್ರತಿ ಪರಿಷ್ಕರಣೆಯೂ ಅದನ್ನು ಮುರಿಯುತ್ತದೆ. ಕ್ರಿಯೇಷನ್ ಕ್ಲಬ್‌ಗೆ ಹೊಸ ಸರಕು ಬಂದಾಗಲೆಲ್ಲ ಹೀಗಾಗುತ್ತಿತ್ತು. 2021ರ ನವೆಂಬರ್ 11ರ ಆನಿವರ್ಸರಿ ಎಡಿಷನ್ ಜೊತೆ ಬಂದ ಪರಿಷ್ಕರಣೆಗಾಗಿ ಪ್ರೋಗ್ರಾಮನ್ನು ಹೊಸ ಕಂಪೈಲರಿನಲ್ಲಿ ಕಟ್ಟಿದ್ದರಿಂದ ಹಾನಿ ಇನ್ನೂ ದೊಡ್ಡದಾಯಿತು; ಎಕ್ಸ್‌ಟೆಂಡರ್ ಆಧರಿಸಿದ ಪ್ಲಗಿನ್‌ಗಳನ್ನು ರಚನೆಕಾರರು ಹೊಸದಾಗಿ ತಯಾರಿಸಬೇಕಾಯಿತು. ಆವೃತ್ತಿಗಳ ನಡುವಿನ ವಿಳಾಸಗಳನ್ನು ಹೊಂದಿಸಿಕೊಡುವ ಅಡ್ರೆಸ್ ಲೈಬ್ರರಿ ಈಗ ಆ ಕಷ್ಟವನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದೆ. ದೀರ್ಘ ಆಟದ ನಡುವೆ ಇರುವವರು ಸ್ಟೀಮ್ ತಾನಾಗಿ ಪರಿಷ್ಕರಿಸದಂತೆ ತಡೆದು, ಆಟದ ಪ್ರೋಗ್ರಾಮ್ ಫೈಲಿನ ಪ್ರತಿಯೊಂದನ್ನು ಬೇರೆಡೆ ಕಾದಿಟ್ಟುಕೊಳ್ಳುತ್ತಾರೆ. ಪರಿಷ್ಕರಣೆ ಆಗಿಹೋಗಿದ್ದರೆ ಹಿಂದಿನ ಆವೃತ್ತಿಗೆ ಮರಳಿಸುವ ಪ್ಯಾಚ್‌ಗಳನ್ನೂ ಸಮುದಾಯ ಒದಗಿಸಿದೆ.